ಮಾದರಿ ರೈಲಿಗೆ ಹಳೇ ಸುರಂಗದ ಬಾಯಿ: ಅಳತೆ ಹುಡುಕುವುದು ಹೇಗೆ?

ಮಾದರಿ ರೈಲು ಕಟ್ಟುವವರು ಎಂಜಿನ್ನಿನ ಬಣ್ಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಸುರಂಗದ ಬಾಯಿಯನ್ನು ಮಾತ್ರ ಅಂಗಡಿಯಿಂದ ತಂದು ಅಂಟಿಸಿಬಿಡುತ್ತಾರೆ. ನಿಜವಾಗಿ ಇರುವ ಒಂದು ಸುರಂಗವನ್ನೇ ಮಾಡಬೇಕು ಅಂತಿದ್ದರೆ ಮೊದಲು ಸ್ವಲ್ಪ ಹುಡುಕಾಟ ಬೇಕು. ಇಂಗ್ಲೆಂಡಿನ ಬಾಕ್ಸ್ ಸುರಂಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎಂಜಿನಿಯರ್ ಬ್ರುನೆಲ್ ಗ್ರೇಟ್ ವೆಸ್ಟರ್ನ್ ರೈಲ್ವೆಗಾಗಿ ಕಟ್ಟಿಸಿದ ಇದು 1841ರಲ್ಲಿ ಸಂಚಾರಕ್ಕೆ ತೆರೆಯಿತು.

ಮೊದಲ ಕೆಲಸ, ಯಾವ ಬಾಯಿ, ಯಾವ ವರ್ಷ ಅಂತ ತೀರ್ಮಾನಿಸುವುದು. ಬಾಕ್ಸ್‌ನ ಪಶ್ಚಿಮದ ಬಾಯಿ ಅರಮನೆ ಬಾಗಿಲಿನಂತೆ ಭರ್ಜರಿ. ಲಂಡನ್–ಬಾತ್ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವ ಬದಿ ಅದು. ಪೂರ್ವದ ಬಾಯಿ ತೀರಾ ಸಾದಾ. ಪಕ್ಕದಲ್ಲೇ ಕಲ್ಲುಗಣಿಗೆ ಹೋಗುವ ಇನ್ನೊಂದು ಸಣ್ಣ ಬಾಯಿಯೂ ಇದೆ. ನನ್ನನ್ನು ಕೇಳಿದರೆ ಮೇಜಿನ ಮೇಲೆ ಪೂರ್ವದ್ದೇ ಚೆನ್ನ. ಎರಡು ಬಾಯಿಗಳ ಆ ಜೋಡಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಆಮೇಲೆ ಚಿತ್ರ ಕೂಡಿಸಿ. ಪಶ್ಚಿಮದ ಬಾಯಿಯನ್ನು ಜಾನ್ ಕುಕ್ ಬೋರ್ನ್ 1840ರ ದಶಕದಲ್ಲೇ ಕಲ್ಲಚ್ಚಿನ ಚಿತ್ರವಾಗಿ ಬರೆದಿದ್ದಾರೆ. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಬ್ರಿಟನ್ನಿನ ಹಳೇ ಸರ್ವೆ ನಕ್ಷೆಗಳು ಪುಕ್ಕಟೆಯಾಗಿ ಸಿಗುತ್ತವೆ. ಬಾಯಿಯ ಮುಂದೆ ಹಳಿಗಾಗಿ ಗುಡ್ಡ ಕಡಿದ ಜಾಗ ಎಷ್ಟು ಅಗಲ, ಹಳಿ ಎಲ್ಲಿ ತಿರುಗುತ್ತದೆ ಎಂಬುದನ್ನು ಅಲ್ಲಿ ನೋಡಿಕೊಳ್ಳಿ. ಅಲ್ಲಿನ ಪರಂಪರೆ ಸಂರಕ್ಷಣಾ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಕಟ್ಟಡದ ವಿವರಣೆಯೂ ಇರುತ್ತದೆ.

ಇನ್ನು ಅಳತೆ. ಎಡವುವುದು ಹೆಚ್ಚಾಗಿ ಇಲ್ಲೇ. ಫೋಟೊದಲ್ಲಿ ನಮಗೆ ಖಚಿತವಾಗಿ ಗೊತ್ತಿರುವ ಅಳತೆ ಒಂದೇ, ಹಳಿಗಳ ನಡುವಿನ ಅಂತರ, ಅಂದರೆ ಗೇಜ್. ಕಮಾನಿನ ಬುಡದಲ್ಲೇ, ಗೋಡೆಯ ನೇರಕ್ಕೆ ಅದನ್ನು ಅಳೆಯಿರಿ. ಮುಂದೆ ಬಂದಷ್ಟೂ ಹಳಿ ಅಗಲವಾಗಿ ಕಾಣುತ್ತದಲ್ವಾ? ಆದರೆ ಗ್ರೇಟ್ ವೆಸ್ಟರ್ನ್ ಶುರುವಿನಲ್ಲಿ ಹಾಕಿದ್ದು 2140 ಮಿ.ಮೀ. ಗೇಜ್. ಅದು ಪೂರ್ತಿ ಹೋಗಿದ್ದು 1892ರಲ್ಲಿ. ಆಮೇಲಿನದು 1435 ಮಿ.ಮೀ. ಒಂದು ಹಳೇ ಚಿತ್ರದಲ್ಲಿ ಹಳಿಯ ಅಂತರ 10 ಮಿ.ಮೀ., ಬಾಯಿಯ ಅಗಲ 42 ಮಿ.ಮೀ. ಬಂತು ಅಂದುಕೊಳ್ಳಿ. 2140ರ ಲೆಕ್ಕದಲ್ಲಿ ನಿಜವಾದ ಅಗಲ ಸುಮಾರು 9 ಮೀಟರ್. 1435 ಅಂತ ಹಿಡಿದರೆ 6 ಮೀಟರೇ! 1:76ರ, ಅಂದರೆ ನಿಜದ ಗಾತ್ರದ 76ರಲ್ಲಿ ಒಂದು ಪಾಲಿನ, ಓಓ (OO) ಮಾದರಿಯಲ್ಲಿ ಮೊದಲನೆಯದು 118 ಮಿ.ಮೀ., ಎರಡನೆಯದು 79.

ಓಓದಲ್ಲಿ ಇನ್ನೊಂದು ತಕರಾರು ಇದೆ. ಹಳಿಯ ಅಂತರ 18.8 ಮಿ.ಮೀ. ಇರಬೇಕಾದ ಕಡೆ 16.5 ಮಾತ್ರ ಇರುತ್ತದೆ. ಹಾಗಾಗಿ ಮೇಜಿನ ಮೇಲಿನ ಹಳಿಗೆ ಹೋಲಿಸಿ ಬಾಯಿ ಕತ್ತರಿಸಬೇಡಿ. ಮೀಟರಿನಲ್ಲಿ ಲೆಕ್ಕ ಹಾಕಿ, ಆಮೇಲೆ 76ರಿಂದ ಭಾಗಿಸಿ.

ಎತ್ತರಕ್ಕೆ ಕಲ್ಲಿನ ವರಸೆ, ಅಂದರೆ ಅಡ್ಡ ಸಾಲುಗಳನ್ನು ಎಣಿಸಿ. ಒಂದು ವರಸೆಯ ಎತ್ತರ ಸಿಕ್ಕರೆ ಉಳಿದದ್ದು ಬರೀ ಗುಣಾಕಾರ. ರಟ್ಟಿನಲ್ಲಿ ಒಂದು ನಮೂನೆ ಕತ್ತರಿಸಿ, ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಅದರೊಳಗೆ ತಳ್ಳಿ ನೋಡಿ. ತಿರುವಿದ್ದರೆ ಬೋಗಿಯ ಮೂಲೆ ಗೋಡೆಗೆ ಉಜ್ಜುತ್ತದೆ. ಆಗ ಬಾಯಿಯನ್ನು ಅಗಲ ಮಾಡುವ ಬದಲು ತಿರುವನ್ನೇ ಹಿಂದಕ್ಕೆ ಸರಿಸಿ.

ಬಾತ್ ಸೀಮೆಯ ಕಲ್ಲು ಜೇನಿನ ಬಣ್ಣದ್ದು. ಉಗಿಬಂಡಿ ಕಾಲದ ಮಾದರಿಯಾದರೆ ಕಮಾನಿನ ನೆತ್ತಿಯ ಮೇಲೆ ಮಸಿ ಬಳಿಯಿರಿ, ಬದಿಗಳಿಗೆ ಕಮ್ಮಿ ಸಾಕು. ಒಳಗೋಡೆಗೂ ಒಂದು ಗೇಣು ಬಣ್ಣ ಬೇಕು, ಬಗ್ಗಿ ನೋಡುವವರು ಇದ್ದೇ ಇರುತ್ತಾರೆ.

ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳಿಗೂ ಗೇಜಿನ ಈ ಎಚ್ಚರಿಕೆ ಬೇಕು. 1979ರಲ್ಲಿ ಆ ದಾರಿ ತೆರೆದಾಗ ಅದು ಮೀಟರ್ ಗೇಜ್, ಈಗ 1676 ಮಿ.ಮೀ. ಹಳೇ ಫೋಟೊ ಸಿಕ್ಕರೆ ಯಾವ ಕಾಲದ್ದು ಅಂತ ಮೊದಲು ನೋಡಿ. ಅಳೆಯೋಕೆ ಅಂತ ಹಳಿ ಮೇಲೆ ನಡೆದು ಹೋಗಬೇಡಿ. ಅದು ಅಪಾಯ, ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಹಗಲಿನ ರೈಲಿನಲ್ಲಿ ಕೂತು, ತಿರುವು ಬಂದಾಗ ಕಿಟಕಿಯ ಒಳಗಿಂದಲೇ ವಿಡಿಯೊ ತೆಗೆಯಿರಿ. ಮನೆಗೆ ಬಂದು ಒಂದೊಂದೇ ಚಿತ್ರವಾಗಿ ನಿಲ್ಲಿಸಿ, ವರಸೆ ಎಣಿಸಬಹುದು.