ಹಿತ್ತಲಿನ ಟಾಂಕಿಯಲ್ಲಿ ತೇಲಿದ ಹಾಲ್ಮಾ ದೇಶದ ಯುದ್ಧನೌಕೆ

ಮೊನ್ನೆ ಭಾನುವಾರ ನಮ್ಮ ಹಿತ್ತಲಿನ ಸಿಮೆಂಟ್ ಟಾಂಕಿಯಲ್ಲಿ ನಾನೇ ಲೆಕ್ಕ ಹಾಕಿ ರೂಪಿಸಿದ ಕಲ್ಪನೆಯ ಹಡಗಿನ ಮಾದರಿ ನೆಟ್ಟಗೆ ನಿಂತಿತು. ನಿಜದ ಅಳತೆಯಲ್ಲಿ ಅದಕ್ಕೆ ಎರಡು ಟರೆಟ್ಟಿನಲ್ಲಿ (ತಿರುಗುವ ಫಿರಂಗಿ ಗೋಪುರ) ನಾಲ್ಕು ಫಿರಂಗಿ, ಬದಿಗೆ 200 ಮಿ.ಮೀ. ಉಕ್ಕಿನ ಬೆಲ್ಟ್ ಕವಚ, ಐದು ಮೀಟರ್ ಚಿಲ್ಲರೆ ಡ್ರಾಫ್ಟ್ (ನೀರಿನೊಳಗೆ ಮುಳುಗುವ ಆಳ). "ಕಾಗದದ ಮೇಲೆ ತೇಲುತ್ತದೆ, ನೀರಿಗೆ ಬಿಟ್ಟರೆ ಮಗುಚುತ್ತದೆ" ಎಂದು ಎರಡು ವರ್ಷದಿಂದ ತಮಾಷೆ ಮಾಡುತ್ತಿದ್ದ ಮೂವರಿಗೂ ವೀಡಿಯೊ ಕಳಿಸಿದ್ದಾಯಿತು. ಇದನ್ನು ಸ್ಪ್ರಿಂಗ್‌ಶಾರ್ಪ್ (ಹಳೆ ಕಾಲದ ಯುದ್ಧನೌಕೆಗಳ ಡಿಸೈನ್ ಲೆಕ್ಕ ಹಾಕುವ ಸಾಫ್ಟ್‌ವೇರ್) ಬಳಸಿ ಗೊತ್ತಿದ್ದವರಿಗೆ ಬರೆಯುತ್ತಿದ್ದೇನೆ. ಬ್ಲಾಕ್ ಕೋಎಫಿಷಿಯೆಂಟ್ (ಉದ್ದ, ಅಗಲ, ಡ್ರಾಫ್ಟಿನ ಪೆಟ್ಟಿಗೆಯಲ್ಲಿ ಮುಳುಗಿದ ಒಡಲು ತುಂಬುವ ಪಾಲು) ಎಂಬಂಥದ್ದನ್ನು ಉದ್ದಕ್ಕೆ ವಿವರಿಸುತ್ತಾ ಕೂರುವುದಿಲ್ಲ.

ಹಾಲ್ಮಾ ನನ್ನ ತಲೆಯೊಳಗಿನ ದೇಶ. ಬಾಲ್ಟಿಕ್ ಸಮುದ್ರದಲ್ಲಿ ಮೂರು ದ್ವೀಪ, ಒಂದೇ ಒಂದು ಒಳ್ಳೆಯ ಬಂದರು, ಇಸವಿ 1906. ಬಂದರಿನ ಬಾಯಿಯಲ್ಲಿ ಆಳ ಆರು ಮೀಟರ್, ಡ್ರೈ ಡಾಕಿನ ಉದ್ದ 100 ಮೀಟರ್, ಬಾಗಿಲ ಅಗಲ 18. ಈ ಮೂರು ಸಂಖ್ಯೆಗಳನ್ನು ಮೊದಲೇ ಗೋಡೆಗೆ ಅಂಟಿಸಿಟ್ಟುಕೊಂಡೆ. ಹೆಚ್ಚಿನವರು ಫಿರಂಗಿಯಿಂದ ಶುರು ಮಾಡುತ್ತಾರೆ, ಕೊನೆಗೆ ಹಡಗು ಬಂದರಿಗಿಂತ ದೊಡ್ಡದಾದಾಗ ಬಂದರನ್ನೇ ಅಗೆಯುತ್ತಾರೆ. ಅದು ಮೋಸ. ಸ್ಪೇನಿನವರು 1909ರಲ್ಲಿ ಎಸ್ಪಾನ್ಯಾ ಜಾತಿಯ ಡ್ರೆಡ್‌ನಾಟ್‌ಗಳಿಗೆ (ಒಂದೇ ಅಳತೆಯ ದೊಡ್ಡ ಫಿರಂಗಿಗಳ ಯುದ್ಧನೌಕೆ) ಕೈಹಾಕಿದಾಗಲೂ ಖಜಾನೆ ಮತ್ತು ಡಾಕಿನ ಅಳತೆ ನೋಡಿಯೇ 15,700 ಟನ್ನಿನ ಆಸುಪಾಸಿಗೆ ನಿಲ್ಲಿಸಿದರು. ಜಗತ್ತಿನ ಅತಿ ಚಿಕ್ಕ ಡ್ರೆಡ್‌ನಾಟ್ ಎಂಬ ಹೆಸರು ಬಂತು, ಬರಲಿ.

ಆ ಮೂವರು ನನ್ನೆದುರು ಇಟ್ಟ ವಾದ ಡೆನ್ಮಾರ್ಕಿನದ್ದು. ಅಲ್ಲಿನ ಕರಾವಳಿ ಕಾವಲಿನ ಹಡಗು ಹೆರ್ಲುಫ್ ಟ್ರೊಲೆ ಸುಮಾರು 3,500 ಟನ್ನಿನಲ್ಲಿ 240 ಮಿ.ಮೀ.ನ ಎರಡೇ ಫಿರಂಗಿ ಹೊತ್ತಿತ್ತು, ಮುಂದೊಂದು ಹಿಂದೊಂದು. "ಡೇನರು ತಲೆಮಾರುಗಟ್ಟಲೆ ಇಂಥ ಹಡಗು ಕಟ್ಟಿದವರು, ಅವರಿಗೇ ಎರಡು. ನೀವು 4,800ರಲ್ಲಿ ನಾಲ್ಕು ಇಡ್ತೀರಾ?" ಎಂದರು. ಇಡುತ್ತೇನೆ ಅಂದೆ. ಹಟ ಅಲ್ಲಿಂದ ಹಿಡಿಯಿತು.

ಮೊದಲ ಡಿಸೈನ್ ಸೋತಿತು, ಅದೂ ಹೀನಾಯವಾಗಿ. ಉದ್ದ 95 ಮೀಟರ್, ಅಗಲ 16, ಡ್ರಾಫ್ಟ್ 5.2, ಬ್ಲಾಕ್ ಕೋಎಫಿಷಿಯೆಂಟ್ 0.56. ತೇಲುವ ತೂಕ 4,540 ಟನ್ನಿನ ಹತ್ತಿರ ಬಂತು. ವೇಗ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಬೇಕೆಂದು ಆಸೆ. ಅದಕ್ಕೆ ಹತ್ತು ಸಾವಿರದ ಮೇಲೆ ಕುದುರೆಶಕ್ತಿ, ಆ ಕಾಲದ ಪಿಸ್ಟನ್ ಇಂಜಿನ್ನು ಬಾಯ್ಲರ್ ಎಲ್ಲ ಸೇರಿ ಸಾವಿರ ಟನ್ ದಾಟಿತು. ಎಲ್ಲ ಕೂಡಿಸಿದರೆ 5,200ಕ್ಕೂ ಮೇಲೆ. ಅಂದರೆ 680 ಟನ್ ಹೆಚ್ಚು. ಹಡಗು ಒಂದು ಸೆಂಟಿಮೀಟರ್ ಇಳಿಯಲು 11 ಟನ್ ಎಂದು ಹಿಡಿದರೆ ಹಡಗು 60 ಸೆಂ.ಮೀ.ಗಿಂತ ಹೆಚ್ಚು ಕೂರುತ್ತದೆ. ನಾನು ಬೆಲ್ಟನ್ನು ನೀರಿನ ಮೇಲೆ ಬಿಟ್ಟಿದ್ದೇ 60 ಸೆಂ.ಮೀ.! ಎರಡೂ ಬದಿಗೆ ಸೇರಿ 375 ಟನ್ ಉಕ್ಕು ಸುತ್ತಿ, ಅಷ್ಟನ್ನೂ ಮೀನಿಗೆ ಕಾವಲು ಇಟ್ಟ ಹಾಗಾಯಿತು. 1905ರಲ್ಲಿ ಜಪಾನಿನ ವಿರುದ್ಧ ತ್ಸುಷಿಮಾ ಕದನದಲ್ಲಿ ಬೊರೊಡಿನೊ ಜಾತಿಯ ರಷ್ಯನ್ ಹಡಗುಗಳಿಗೆ ಆದದ್ದೂ ಇದೇ. ಹೇರಿದ ತೂಕಕ್ಕೆ ಮುಖ್ಯ ಬೆಲ್ಟ್ ನೀರಿನೊಳಗೆ ಹೋಗಿತ್ತು. ಓದಿದ್ದೆ, ಆದರೂ ಅದೇ ಗುಂಡಿಗೆ ಬಿದ್ದೆ.

ಜಿ.ಎಂ. (ವಾಲಿದ ಹಡಗು ಎಷ್ಟು ಬಲವಾಗಿ ನೆಟ್ಟಗಾಗುತ್ತದೆ ಎಂಬುದರ ಅಳತೆ) ಇನ್ನೂ ನಾಚಿಕೆಗೇಡು, 35 ಸೆಂ.ಮೀ. ಇತ್ತು ಎಂದು ನೆನಪು.

ಆಮೇಲೆ ಮನೆ ಖರ್ಚಿನ ಪುಸ್ತಕದಂತೆ ತೂಕದ ಪುಸ್ತಕ ಬರೆಯಲು ಕೂತೆ. ವೇಗವನ್ನು 17 ನಾಟಿಗೆ ಇಳಿಸಿದೆ. ಮೂರೇ ನಾಟ್, ಆದರೆ ಶಕ್ತಿ 6,400ಕ್ಕೆ ಬಂತು, ಇಂಜಿನ್ ಕೋಣೆಯಿಂದ 400 ಟನ್ ಹೊರಗೆ ಹೋಯಿತು. ಆರ್ಮ್‌ಸ್ಟ್ರಾಂಗ್ ಕಾರ್ಖಾನೆ ನಾರ್ವೆಗೆ ಕಟ್ಟಿಕೊಟ್ಟ ನೋರ್ಗೆ ಎಂಬ ಹಡಗಿನ ವೇಗವೂ ಇಷ್ಟೇ ಇತ್ತು, ಯಾರೂ ಅದನ್ನು ಆಡಿಕೊಂಡಿಲ್ಲ. ಅಗಲ ಒಂದು ಮೀಟರ್ ಹೆಚ್ಚಿಸಿದೆ. ಅಗಲ ಕೊಡುವ ಲಾಭ ವರ್ಗದಲ್ಲಿ ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ, ಅದೊಂದರಿಂದಲೇ ಜಿ.ಎಂ. ಅರ್ಧ ಮೀಟರಿನ ಹತ್ತಿರ ಏರಿತು. ಹಿಂದಿನ ಕಂಬದ ಮೇಲಿನ ತೊಟ್ಟಿಲು, ಸಣ್ಣ ಫಿರಂಗಿಗಳ ಒಂದು ಜೋಡಿ ಕಿತ್ತು ಹಾಕಿದೆ. ಕೊನೆಗೆ ಲೆಕ್ಕ ಹೀಗೆ ಕೂತಿತು: ಒಡಲು 1,730, ಕವಚ 1,250, ಶಸ್ತ್ರ 560, ಯಂತ್ರ 640, ಕಲ್ಲಿದ್ದಲು 350, ಉಳಿದದ್ದೆಲ್ಲ 290. ಒಟ್ಟು 4,820 ಟನ್. ಅಗಲವಾದ ಹಡಗು ತೇಲುವುದೂ ಅಷ್ಟಕ್ಕೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಕಲ್ಲಿದ್ದಲನ್ನು ಎಲ್ಲೆಲ್ಲಿ ಇಟ್ಟೆ, ಅದು ಉರಿದು ಮುಗಿಯುತ್ತಾ ಬಂದರೂ ಮೂತಿ ಯಾಕೆ ತಗ್ಗುವುದಿಲ್ಲ ಎನ್ನುವುದನ್ನು ಮಾತ್ರ ಕೇಳಬೇಡಿ. ಮೂರು ತಿಂಗಳು ತಿಂದ ಕೆಲಸ ಅದು.

ಇಷ್ಟಾದರೂ "ಸಾಫ್ಟ್‌ವೇರ್ ಏನು ಬೇಕಾದರೂ ಹೇಳುತ್ತದೆ" ಎಂಬ ಮಾತು ನಿಲ್ಲಲಿಲ್ಲ. ಸರಿ, ಮಾದರಿ ಕಟ್ಟಿದೆ. ನೂರರಲ್ಲಿ ಒಂದು: ಉದ್ದ 95 ಸೆಂ.ಮೀ., ತೂಕ 4 ಕಿಲೊ 820 ಗ್ರಾಂ. ಮೊದಲ ಒಡಲು ರಟ್ಟು ಮತ್ತು ವಾರ್ನಿಷ್. ನೀರಲ್ಲಿ ಇಪ್ಪತ್ತು ನಿಮಿಷಕ್ಕೆ ಹಪ್ಪಳದ ಹಾಗೆ ಉಬ್ಬಿತು, 1,800 ರೂಪಾಯಿ ನೀರುಪಾಲು. ಎರಡನೆಯದು ಫೈಬರ್. ದೋಣಿ ಕಟ್ಟುವಲ್ಲಿಂದ ರೆಸಿನ್ ತಂದು ಧಾರಾಳವಾಗಿ ಬಳಿದೆ. ಖಾಲಿ ಒಡಲೇ 2 ಕಿಲೊ ದಾಟಿತು, 1,730 ಗ್ರಾಂ ಮೀರುವ ಹಾಗೇ ಇರಲಿಲ್ಲ. ಅದಕ್ಕೆ ಬಿದ್ದದ್ದು ನಾಲ್ಕೂವರೆ ಸಾವಿರ. ಅದೀಗ ತುಳಸಿಕಟ್ಟೆಯ ಪಕ್ಕ ಬಸಳೆ ಬಳ್ಳಿಯ ಕುಂಡ. ಮೂರನೆಯದು ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಸಿಗುವ 3 ಮಿ.ಮೀ. ಸನ್‌ಬೋರ್ಡ್, ಒಳಗೆ ಪ್ಲೈವುಡ್ ಪಕ್ಕೆಲುಬು, ಸಂದಿಗೆ ಎಂ-ಸೀಲ್. ಒಂದು ಕಿಲೊ ಮುಟ್ಟಲಿಲ್ಲ. ಉಳಿದ ತೂಕಕ್ಕೆ ಬಲೆಗೆ ಕಟ್ಟುವ ಸೀಸದ ಗುಂಡು. ಎಲ್ಲವನ್ನೂ ತಳಕ್ಕೆ ಸುರಿದರೆ ಯಾವ ಹಡಗೂ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿ ಕವಚ, ಟರೆಟ್, ಬಾಯ್ಲರ್ ಎಂದು ಹನ್ನೊಂದು ಪೊಟ್ಟಣ ಮಾಡಿ, ಒಂದೊಂದನ್ನೂ ಅದರದರ ಎತ್ತರಕ್ಕೇ ಅಂಟಿಸಿದೆ. ಈ ಕೆಲಸದಲ್ಲಿ ಅವಸರ ಮಾಡಿದವರ ಫಲಿತಾಂಶವನ್ನು ನಾನು ನಂಬುವುದಿಲ್ಲ.

ತಮಾಷೆಗೆ ಒಮ್ಮೆ ಅಂಟಿಸುವ ಮುಂಚೆ ಸೀಸವನ್ನೆಲ್ಲ ತಳದಲ್ಲಿಟ್ಟು ನೋಡಿದೆ. ಹಡಗು ಕೊಡವಿಕೊಂಡ ನಾಯಿಯ ಹಾಗೆ ಚಟಕ್ ಚಟಕ್ ಎಂದು ಹೊರಳಿತು. ಅದರ ಮೇಲೆ ನಿಂತು ಗುರಿ ಹಿಡಿಯುವವನ ಪಾಡು ಏನು? ಜಿ.ಎಂ. ಕಡಿಮೆಯಾದರೆ ಮಾತ್ರ ಕಷ್ಟ ಎಂದುಕೊಂಡವರು ಇದನ್ನು ಒಮ್ಮೆ ಮಾಡಿ ನೋಡಿ. ಸರಿಯಾದ ಜಾಗದಲ್ಲಿ ತೂಕ ಇಟ್ಟ ಮೇಲೆ ಇಪ್ಪತ್ತು ಹೊರಳಿಗೆ 29 ಸೆಕೆಂಡ್. ಮಾದರಿಯ ಸಮಯವನ್ನು ನೂರರ ವರ್ಗಮೂಲವಾದ ಹತ್ತರಿಂದ ಗುಣಿಸಿದರೆ ನಿಜ ಹಡಗಿಗೆ ಒಂದು ಹೊರಳು ಹದಿನಾಲ್ಕೂವರೆ ಸೆಕೆಂಡ್. ನಿಧಾನ, ಗಂಭೀರ.

ಇನ್ನೊಂದು ಸಂಗತಿ ಟಾಂಕಿಯ ಪಕ್ಕ ಕೂತಾಗಲೇ ಹೊಳೆದದ್ದು. ನಾವೆಲ್ಲ ಕಣ್ಣು ಮುಚ್ಚಿ ಸಮುದ್ರದ ನೀರಿನ ಸಾಂದ್ರತೆಗೆ 1.025 ಹಾಕುತ್ತೇವೆ. ಬಾಲ್ಟಿಕ್ ಸಮುದ್ರ ಸಪ್ಪೆ, ಲೀಟರಿಗೆ ಏಳೆಂಟು ಗ್ರಾಂ ಉಪ್ಪು ಇದ್ದರೆ ಹೆಚ್ಚು. ನಮ್ಮ ಅರಬ್ಬೀ ಸಮುದ್ರಕ್ಕಿಂತ ನಮ್ಮ ಬಾವಿ ನೀರೇ ಅದಕ್ಕೆ ಹತ್ತಿರ! ಅಲ್ಲಿ ನನ್ನ ಹಡಗು ಎಂಟು ಸೆಂ.ಮೀ. ಹೆಚ್ಚು ಕೂರುತ್ತದೆ. ಬೆಲ್ಟನ್ನು ಅಷ್ಟೇ ಮೇಲಕ್ಕೆ ಸರಿಸಿದೆ. ಬಾಲ್ಟಿಕ್ ಹಡಗು ಕಟ್ಟುವವರು ನಿಮ್ಮ ಲೆಕ್ಕ ಒಮ್ಮೆ ತೆಗೆದು ನೋಡಿಕೊಳ್ಳಿ.

ಸಿಡಿಮದ್ದಿನ ಕೋಣೆಯನ್ನೂ ಕೊನೆಗಳಿಗೆಯಲ್ಲಿ ಬದಲಾಯಿಸಿದೆ. ನಾರ್ವೆಗೆಂದು ಕಟ್ಟುತ್ತಿದ್ದ ಹಡಗನ್ನು ಬ್ರಿಟಿಷರು ವಶಮಾಡಿಕೊಂಡು ಗ್ಲಾಟನ್ ಎಂದು ಹೆಸರಿಟ್ಟರು. 1918ರ ಸೆಪ್ಟೆಂಬರಿನಲ್ಲಿ ಡೋವರ್ ಬಂದರಿನಲ್ಲಿ ಅದರ ನಡು ಮದ್ದಿನ ಕೋಣೆಗೆ ಬೆಂಕಿ ಬಿತ್ತು, ಕೊನೆಗೆ ತಮ್ಮ ಹಡಗಿಗೆ ತಾವೇ ಟಾರ್ಪಿಡೊ ಹೊಡೆಯಬೇಕಾಯಿತು. ಅದರ ಜೋಡಿ ಹಡಗನ್ನು ಬಿಚ್ಚಿ ನೋಡಿದಾಗ ಕಾರ್ಕ್ ತುಂಬಬೇಕಾದಲ್ಲಿ ಹಳೆ ಪೇಪರ್ ಇತ್ತಂತೆ. ನಾನು ಬಾಯ್ಲರಿಗೂ ಮದ್ದಿಗೂ ನಡುವೆ ಎರಡು ಗೋಡೆ ಹಾಕಿ ಖಾಲಿ ಜಾಗ ಬಿಟ್ಟೆ.

ಅಂತೂ ಭಾನುವಾರ. ದೋಣಿ ಕಟ್ಟುವ ಆಚಾರ್ರನ್ನು ಕರೆದಿದ್ದೆ. ಅವರು ಕಾಗದ ನೋಡಲೇ ಇಲ್ಲ, ಬೆರಳಲ್ಲಿ ಬದಿ ಒತ್ತಿ ಬಿಟ್ಟರು. "ಅಡ್ಡಿಲ್ಲ ಮಾರಾಯ್ರೆ, ವಾಪಸ್ ಬರ್ತದೆ. ಮೇಲೆ ಸ್ವಲ್ಪ ಭಾರ ಉಂಟು, ಆದ್ರೆ ಬರ್ತದೆ" ಅಂದರು. ಆಮೇಲೆ ನನ್ನ ಪರೀಕ್ಷೆ. ಡೆಕ್ಕಿನ ಮೇಲೆ 20 ಗ್ರಾಂ ನಟ್ಟನ್ನು ಒಂದು ಬದಿಯಿಂದ ಇನ್ನೊಂದಕ್ಕೆ, 12 ಸೆಂ.ಮೀ. ಸರಿಸಿದೆ. ಹಡಗು ವಾಲಿದಂತೆ 30 ಸೆಂ.ಮೀ. ತೂಗುದಾರ ಮೂರು ಸಲಕ್ಕೆ 16, 18, 17 ಮಿ.ಮೀ. ಸರಿಯಿತು. ಲೆಕ್ಕ ಹಾಕಿದರೆ ಜಿ.ಎಂ. 9 ಮಿ.ಮೀ., ಹಡಗಿನಲ್ಲಿ 90 ಸೆಂ.ಮೀ. ತೂಕದ ಪುಸ್ತಕದಲ್ಲಿ ಬರೆದದ್ದೂ ಅಷ್ಟೇ.

ಮೂವರಲ್ಲಿ ಒಬ್ಬರು ಒಪ್ಪಿಕೊಂಡರು. ಇನ್ನೊಬ್ಬರಿಂದ ಉತ್ತರವಿಲ್ಲ. ಮೂರನೆಯವರು, "ಇಷ್ಟಕ್ಕೆಲ್ಲ ಹಾಲ್ಮಾ ಹತ್ತಿರ ದುಡ್ಡೆಲ್ಲಿದೆ?" ಎಂದು ಹೊಸ ತಕರಾರು ತೆಗೆದಿದ್ದಾರೆ. ಸ್ವೀಡನ್ನಿನಲ್ಲಿ 1911ರಲ್ಲಿ ಸರ್ಕಾರ ಹಡಗು ಕಟ್ಟುವುದನ್ನು ಮುಂದಕ್ಕೆ ಹಾಕಿದಾಗ, ಮರುವರ್ಷ ಜನರೇ ಚಂದಾ ಎತ್ತಿ 15 ದಶಲಕ್ಷ ಕ್ರೋನಾ ಮೀರಿಸಿ ಕೊಟ್ಟರು, ಸ್ವೆರಿಯೆ ಹಡಗು ಹುಟ್ಟಿದ್ದೇ ಹಾಗೆ. ಹಾಲ್ಮಾದವರೂ ಎತ್ತುತ್ತಾರೆ ಬಿಡಿ.

ನನ್ನ ಚಂದಾ ಮಾತ್ರ ನಾನೇ ಎತ್ತಬೇಕು. ಮೂರು ಒಡಲು, ಸೀಸ, ಅಡಿಗೆಮನೆಯಿಂದ ತಂದು ಹಾಳುಮಾಡಿದ ತಕ್ಕಡಿಯ ಬದಲಿಗೆ ಹೊಸತು, ಎಲ್ಲ ಸೇರಿ ಹದಿಮೂರು ಸಾವಿರದ ಹತ್ತಿರ. ಬಣ್ಣ ಬಿದ್ದ ಟಾಂಕಿ ತೊಳೆಸಿದ್ದು 600. ಅದನ್ನೂ ಹಡಗಿನ ಖಾತೆಗೇ ಬರೆಯಬೇಕು ಎಂದು ಮನೆಯವಳು ಪಟ್ಟು ಹಿಡಿದಿದ್ದಾಳೆ.