ಇಸವಿ ಹೊತ್ತ ಷಾಂಪೇನ್: ಎರಡಲ್ಲ, ಮೂರು ಬಾಟಲಿ

ಲೇಬಲ್ ಮೇಲೆ ಇಸವಿ ಹೊತ್ತ ವಿಂಟೇಜ್ ಷಾಂಪೇನ್‌ಗೆ ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ ತೆರುತ್ತೇವಲ್ಲ, ಅದರಲ್ಲಿ ಆ ವರ್ಷದ ದ್ರಾಕ್ಷಿಯ ಪಾಲೆಷ್ಟು, ನೆಲಮಾಳಿಗೆಯಲ್ಲಿ ಕಾದ ಕಾಲದ ಪಾಲೆಷ್ಟು? ಪ್ಯಾರಿಸ್‌ನ ವೈನ್ ಅಂಗಡಿಯೊಂದರಲ್ಲಿ ಕೆಲಸ ಮಾಡುವ ನಾನು ಗಿರಾಕಿಗಳಿಗೆ ಪುಸ್ತಕದ ಉತ್ತರವನ್ನೇ ಒಪ್ಪಿಸುತ್ತಿದ್ದೆ. ಅದು ನನಗೇ ಬೇಸರ ತರಿಸಿದ ಮೇಲೆ ಮನೆಯಲ್ಲಿ ಮೂರು ಬಾಟಲಿಗಳನ್ನು ಒಟ್ಟಿಗೆ ತೆರೆದು ನೋಡುವ ಕ್ರಮ ಹಾಕಿಕೊಂಡೆ.

ಪುಸ್ತಕದ ಉತ್ತರವೇನೂ ಸುಳ್ಳಲ್ಲ. ನಮ್ಮೂರಿನ ಕಾಫಿಪುಡಿ ಅಂಗಡಿಯವರು ಬೀಜ ಯಾವ ತೋಟದಿಂದ ಬಂದರೂ ಹದವಾಗಿ ಬೆರೆಸಿ ವರ್ಷವಿಡೀ ಒಂದೇ ರುಚಿ ಕೊಡುವಂತೆ, ನಾನ್-ವಿಂಟೇಜ್ (ಇಸವಿಯಿಲ್ಲದ ಷಾಂಪೇನ್) ಮಾಡುವವರು ಹಿಂದಿನ ವರ್ಷಗಳ ವೈನನ್ನು ಹೊಸದಕ್ಕೆ ಬೆರೆಸಿ ತಮ್ಮ ಮನೆತನದ ರುಚಿಯನ್ನು ಉಳಿಸಿಕೊಳ್ಳುತ್ತಾರೆ. ವಿಂಟೇಜ್‌ನಲ್ಲಿ ಲೇಬಲ್ ಮೇಲಿನ ವರ್ಷದ ದ್ರಾಕ್ಷಿ ಮಾತ್ರ. ಕಾನೂನಿನ ಪ್ರಕಾರ ಮೊದಲನೆಯದು ಬಾಟಲಿಯಲ್ಲಿ ಕನಿಷ್ಠ 15 ತಿಂಗಳು ಇರಬೇಕು, ಎರಡನೆಯದು 36 ತಿಂಗಳು. ತೊಡಕಿರುವುದು ಇಲ್ಲಿಯೇ. ವಿಂಟೇಜ್ ಬೇರೆ ದ್ರಾಕ್ಷಿಯದೂ ಹೌದು, ಹೆಚ್ಚು ಹಳೆಯದೂ ಹೌದು. ಎರಡೇ ಗ್ಲಾಸು ಮುಂದಿಟ್ಟುಕೊಂಡರೆ ನಾಲಿಗೆಗೆ ಸಿಕ್ಕ ವ್ಯತ್ಯಾಸ ಯಾವುದರಿಂದ ಬಂತೆಂದು ಹೇಳುವುದು ಹೇಗೆ?

ಅದಕ್ಕೇ ಮೂರನೆಯ ಬಾಟಲಿ. ಷಾಂಪೇನ್ ಸೀಮೆಯ ಎಪೆರ್ನೆ ಊರಿನ ಪೋಲ್ ರೋಜೆ ಎಂಬ ತಯಾರಕ ಮನೆಯ ನಾನ್-ವಿಂಟೇಜ್ ಆದ ಬ್ರೂಟ್ ರಿಸರ್ವ್ ಅನ್ನು ಮೊದಲೇ ಕೊಂಡು ಕೆಲವು ವರ್ಷ ಕತ್ತಲೆಯಲ್ಲಿ ಮಲಗಿಸಿಟ್ಟಿದ್ದೆ. ಅದರ ಜೊತೆಗೆ ಅಂಗಡಿಗೆ ಈಗಷ್ಟೇ ಬಂದ ಅದೇ ವೈನು, ಮತ್ತು ಅದೇ ಮನೆಯ 2012ರ ವಿಂಟೇಜ್. ಒಂದೇ ಮನೆ ಎಂದ ಮಾತ್ರಕ್ಕೆ ಲೆಕ್ಕ ಪೂರ್ತಿ ಸರಿಹೋಗುವುದಿಲ್ಲ. ರಿಸರ್ವ್‌ನಲ್ಲಿ ಪಿನೋ ನ್ವಾರ್, ಮ್ಯೂನಿಯೆ, ಷಾರ್ಡೊನೆ ಎಂಬ ಮೂರು ದ್ರಾಕ್ಷಿ ತಳಿಗಳೂ ಸಮಪಾಲು. ವಿಂಟೇಜ್‌ನಲ್ಲಿ ಮ್ಯೂನಿಯೆ ಇಲ್ಲವೇ ಇಲ್ಲ, 60 ಪಾಲು ಪಿನೋ ನ್ವಾರ್, 40 ಪಾಲು ಷಾರ್ಡೊನೆ. ಇದನ್ನು ನೆನಪಿನಲ್ಲಿಟ್ಟುಕೊಂಡೇ ಕುಡಿಯಬೇಕು.

ಉದ್ದನೆಯ ಕೊಳವೆಯಂಥ ಗ್ಲಾಸು ಫೋಟೋಗೆ ಚೆನ್ನ, ಮೂಗಿಗೆ ಅಲ್ಲ. ನಾನು ಬಳಸುವುದು ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಸಾಧಾರಣ ಬಿಳಿ ವೈನಿನ ಗ್ಲಾಸು. ಮೂರೂ 10 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಒಂದು ಹೆಚ್ಚು ತಣ್ಣಗಿದ್ದರೆ ಅದರ ವಾಸನೆ ಮುಚ್ಚಿಹೋಗಿ ಹೋಲಿಕೆಯೇ ಕೆಡುತ್ತದೆ. ಯಾವುದು ಯಾವುದೆಂದು ನನಗೆ ಗೊತ್ತಾಗದಿರಲೆಂದು ಬಾಟಲಿಗಳಿಗೆ ಕಾಗದ ಸುತ್ತಿ, ಸುರಿಯುವ ಕೆಲಸವನ್ನು ಮನೆಯವರಿಗೆ ಬಿಡುತ್ತೇನೆ.

ಹೊಸ ರಿಸರ್ವ್ ಬಾಯಿಗೆ ಬಿದ್ದೊಡನೆ ಮಾತಾಡಿತು: ಹಸಿರು ಸೇಬು, ನಿಂಬೆಸಿಪ್ಪೆ, ಚುರುಕಾದ ನೊರೆ. ಮಲಗಿಸಿಟ್ಟಿದ್ದ ರಿಸರ್ವ್‌ನ ಬಣ್ಣ ಒಂದು ಛಾಯೆ ಗಾಢ, ಗುಳ್ಳೆ ಮೆತ್ತಗೆ. ಜೇನು, ಹುರಿದ ಬಾದಾಮಿಯ ಪರಿಮಳ. ಇದು ಬಾಟಲಿಯೊಳಗೆ ಕೂತ ಸತ್ತ ಯೀಸ್ಟನ್ನು, ಅಂದರೆ ಗಷ್ಟನ್ನು, ತೆಗೆದು ಬಿರಡೆ ಹಾಕಿದ ಮೇಲೆ ಬರುವ ಮಾಗುವಿಕೆ. ವಿಂಟೇಜ್ ಮೊದಲ ಹತ್ತು ನಿಮಿಷ ಬಾಯಿ ಬಿಡಲೇ ಇಲ್ಲ. ಗ್ಲಾಸಿನಲ್ಲಿ ಚಳಿ ಬಿಟ್ಟಂತೆಲ್ಲ ಬೇಕರಿಯ ಒಲೆಯಿಂದ ಆಗತಾನೆ ತೆಗೆದ ಬ್ರೆಡ್ಡಿನ ವಾಸನೆ ಎದ್ದಿತು. ಅದು ಸತ್ತ ಯೀಸ್ಟಿನ ಗಷ್ಟಿನ ಮೇಲೆ ವೈನು ದೀರ್ಘಕಾಲ ಮಲಗಿದ್ದರ ಗುರುತು. ಅಲ್ಲಿಯವರೆಗಿನದೆಲ್ಲ ಕಾಲದ ಪಾಲು.

ಆದರೆ ನುಂಗಿದ ಮೇಲೆ ನಾಲಿಗೆಯ ಎರಡೂ ಅಂಚಿನಲ್ಲಿ ಗೆರೆ ಎಳೆದಂತೆ ಉಳಿದ ಹುಳಿ, ಅದರ ಬೆನ್ನಿಗೇ ಹಣ್ಣಿನ ತೂಕ, ಇವು ಉಳಿದೆರಡರಲ್ಲಿಯೂ ಇರಲಿಲ್ಲ. ಇದರಲ್ಲಿ ವರ್ಷದ ಪಾಲೇ ದೊಡ್ಡದೆಂದು ನನ್ನ ನಂಬಿಕೆ. 2012ರ ವಸಂತದಲ್ಲಿ ಹಿಮ, ಆಲಿಕಲ್ಲು, ಬೂಷ್ಟು ರೋಗ ಎಲ್ಲವೂ ಷಾಂಪೇನ್ ಸೀಮೆಯ ಮೇಲೆ ಬಂದೆರಗಿ ಬೆಳೆ ಇಳಿದಿತ್ತು. ಆಗಸ್ಟ್‌ನ ಬಿಸಿಲು ಬಳ್ಳಿಯಲ್ಲಿ ಉಳಿದ ಗೊಂಚಲುಗಳನ್ನು ಚೆನ್ನಾಗಿ ಹಣ್ಣಾಗಿಸಿತು. ಇದನ್ನು ಖಚಿತಪಡಿಸಿಕೊಳ್ಳಲು ಮುಂದೊಮ್ಮೆ ಬಿಸಿಲು, ಬರದ ವರ್ಷವಾದ 2015ರ ಬಾಟಲಿಯನ್ನು ಪಕ್ಕದಲ್ಲಿಟ್ಟೆ. ಅದೇ ಮನೆ, ಅದೇ ಪ್ರಮಾಣದ ಮಿಶ್ರಣ. ಅದು ಅಗಲವಾಗಿ, ಮಾಗಿದ ಹಣ್ಣಾಗಿ ಬಾಯಿ ತುಂಬಿತು, ಹುಳಿಯ ಗೆರೆ ಮಾತ್ರ ಅಷ್ಟು ಚೂಪಾಗಿರಲಿಲ್ಲ. ವರ್ಷವನ್ನು ಅರಿಯಬೇಕೆಂದರೆ ಎರಡು ವಿಂಟೇಜ್‌ಗಳನ್ನೇ ಎದುರುಬದುರು ಕೂರಿಸಬೇಕು. ನಾನ್-ವಿಂಟೇಜ್ ಜೊತೆಗಿನ ಹೋಲಿಕೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಮಾಗಿದ ಪರಿಮಳವಷ್ಟೇ ಬೇಕೆನ್ನುವವರಿಗೆ ನಾನೀಗ ವಿಂಟೇಜ್ ಮಾರಲು ಹೋಗುವುದಿಲ್ಲ (ಅಂಗಡಿಯ ಯಜಮಾನರಿಗೆ ಇದು ಹಿಡಿಸುವುದಿಲ್ಲ). ಒಳ್ಳೆಯ ನಾನ್-ವಿಂಟೇಜ್ ಎರಡು ಕೊಳ್ಳಿ, ಒಂದನ್ನು ಮರೆತುಬಿಡಿ ಎನ್ನುತ್ತೇನೆ. ಗಷ್ಟು ತೆಗೆದ ದಿನಾಂಕವನ್ನು ಕೆಲವು ತಯಾರಕರು ಹಿಂಬದಿಯ ಲೇಬಲ್‌ನಲ್ಲಿ ಅಚ್ಚು ಹಾಕುತ್ತಾರೆ. ಅದನ್ನು ನೋಡಿದರೆ ಬಾಟಲಿ ಆಗಲೇ ಎಷ್ಟು ಕಾಲ ಕಾದಿದೆ ಎಂದು ಗೊತ್ತಾಗುತ್ತದೆ. ಇಲ್ಲಿನ ಕನ್ನಡ ಗೆಳೆಯರು ಸೇರಿದಾಗ ಚಕ್ಕುಲಿ, ಕೋಡುಬಳೆಯ ತಟ್ಟೆಯ ಪಕ್ಕ ಹೊಸ ರಿಸರ್ವ್ ಸೊಗಸಾಗಿ ಹೊಂದುತ್ತದೆ. ಎಣ್ಣೆ ಮತ್ತು ಉಪ್ಪಿಗೆ ಆ ಚುರುಕು ಹುಳಿಯೇ ಸರಿ. ಖಾರದ ಮುಂದೆ 2012 ತೆರೆಯುವುದು ದುಡ್ಡು ದಂಡ. ಅದಕ್ಕೆ ಬೆಣ್ಣೆಯಲ್ಲಿ ಬೇಯಿಸಿದ ಮೀನು ಅಥವಾ ಅಣಬೆ ಸಾಕು.