ಕಸ ಬೆಟ್ಟ ಹತ್ತದಂತೆ ನೋಡಿಕೊಳ್ಳುವುದು

ತಡಿಯಂಡಮೋಳ್ ಬೆಟ್ಟದಲ್ಲಿ ಕಸ ಎಲ್ಲೆಂದರಲ್ಲಿ ಬಿದ್ದಿರುವುದಿಲ್ಲ, ಜನ ಕೂರುವ ಕಡೆ ಬಿದ್ದಿರುತ್ತದೆ. ಜೀಪು ನಿಲ್ಲುವ ಜಾಗ, ಅರ್ಧ ದಾರಿಯ ದೊಡ್ಡ ಬಂಡೆ, ಹಳ್ಳ ದಾಟುವ ಸ್ಥಳ, ಕಡಿದಾದ ಏರಿಗೆ ಮುನ್ನ ಎಲ್ಲರೂ ದಣಿವಾರಿಸಿಕೊಳ್ಳುವ ಶೋಲಾ ಕಾಡಿನ ನೆರಳು, ತುದಿಯಲ್ಲಿ ಗಾಳಿ ಬಡಿಯದ ಬದಿಯ ಬಂಡೆಸಂದುಗಳು. ಈ ಕೆಲವು ಜಾಗಗಳನ್ನು ಶುಚಿ ಮಾಡಿದರೆ ಬೆಟ್ಟದ ಬಹುಪಾಲು ಕಸ ಕೈಗೆ ಸಿಕ್ಕಿದಂತೆ. ಹೊಸದಾಗಿ ಕಸ ಹೆಕ್ಕಲು ಬರುವವರಿಗೆ ನಾನು ಮೊದಲು ಹೇಳುವ ಮಾತು ಇದು.

ನಾನು ಕಕ್ಕಬ್ಬೆಯ ಹತ್ತಿರ ಕಾಫಿ ತೋಟದ ನಡುವೆ ಒಂದು ಹೋಂಸ್ಟೇ ನಡೆಸುತ್ತೇನೆ. 1748 ಮೀಟರ್ ಎತ್ತರದ ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ. ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಕಡೆಯಿಂದ ದಾರಿ ಹೊರಡುತ್ತದೆ. ಇಲ್ಲಿಗೆ ಬರುವ ಅತಿಥಿಗಳಲ್ಲಿ ಹೆಚ್ಚಿನವರು ಬರುವುದೇ ಆ ಬೆಟ್ಟಕ್ಕಾಗಿ. ನನ್ನ ಮನೆಯ ಒಲೆ ಉರಿಯುವುದು ಆ ಬೆಟ್ಟದಿಂದ. ಹಾಗಾಗಿ ಅಕ್ಕಪಕ್ಕದ ತೋಟದವರು, ಜೀಪು ಓಡಿಸುವ ಹುಡುಗರು, ಸ್ವಸಹಾಯ ಸಂಘದ ಹೆಂಗಸರು ಸೇರಿಕೊಂಡು ಹಲವು ವರ್ಷಗಳಿಂದ ಬೆಟ್ಟದ ಕಸ ಇಳಿಸುತ್ತಿದ್ದೇವೆ. ಬೇರೆ ಬೆಟ್ಟಗಳ ಬುಡದಲ್ಲಿ ಇರುವವರಿಗೆ ಉಪಯೋಗವಾಗಲೆಂದು, ನಾವು ಈ ಕೆಲಸ ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಣ್ಣಿಗೆ ಮೊದಲು ಬೀಳುವುದು ನೀರಿನ ಬಾಟಲಿ ಮತ್ತು ಚಿಪ್ಸ್ ಪೊಟ್ಟಣ. ಆದರೆ ನಮ್ಮನ್ನು ಹೆಚ್ಚು ದಣಿಸುವುದು ಅವಲ್ಲ. ಪೊಟ್ಟಣ ಒಡೆಯುವಾಗ ಹರಿದು ಎಸೆಯುವ ಮೂಲೆಯ ಚೂರು, ಗುಟ್ಕಾ ಸ್ಯಾಶೆ, ಸಾಸಿನ ಪುಟ್ಟ ಪೊಟ್ಟಣ, ಚಾಕೊಲೇಟಿನ ಹೊದಿಕೆ, ಒದ್ದೆ ಟಿಶ್ಯೂ (ವೆಟ್ ವೈಪ್). ಮಳೆಗಾಲದಲ್ಲಿ ಇಂಬಳ ಬಿಡಿಸಲು ಉಪ್ಪು ಕಟ್ಟಿಕೊಂಡು ಬಂದ ಪ್ಲಾಸ್ಟಿಕ್ ಕವರು, ಒಮ್ಮೆ ತೊಟ್ಟು ಹರಿದುಹೋದ ತೆಳ್ಳನೆಯ ರೇನ್‌ಕೋಟು. ಒದ್ದೆ ಟಿಶ್ಯೂವನ್ನು ಜನ ಕಾಗದವೆಂದು ತಿಳಿಯುತ್ತಾರೆ. ಹಲವುಗಳಲ್ಲಿ ಪಾಲಿಯೆಸ್ಟರ್ ಎಳೆ ಇರುತ್ತದೆ, ಮಳೆ ಎಷ್ಟು ಹೊಡೆದರೂ ಅದು ಕರಗುವುದಿಲ್ಲ. ಸ್ಯಾನಿಟರಿ ಪ್ಯಾಡ್‌ಗಳದ್ದೂ ಅದೇ ಕಥೆ. ಬಂಡೆಸಂದಿಗೆ ತುರುಕಿದ ಪ್ಯಾಡನ್ನು ತೆಗೆಯುವಾಗ ನಮ್ಮ ಹೆಂಗಸರು ಬೈಯುವುದಿಲ್ಲ. ದಾರಿಯಲ್ಲಿ ಶೌಚಾಲಯವೇ ಇಲ್ಲದಿರುವಾಗ ಆ ಹುಡುಗಿ ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ಈಗ ಬೆಟ್ಟಕ್ಕೆ ಹೊರಡುವ ಹೆಣ್ಣುಮಕ್ಕಳಿಗೆ ಹಳೆಯ ಪತ್ರಿಕೆಯ ಹಾಳೆ ಮತ್ತು ಬಿಗಿಯಾಗಿ ಕಟ್ಟುವ ಬಟ್ಟೆಯ ಚೀಲವೊಂದನ್ನು ನಾನೇ ಕೊಡುತ್ತೇನೆ. ಕೊಡುವಾಗ ಸಂಕೋಚಪಡುವುದಿಲ್ಲ, ಆದ್ದರಿಂದ ಅವರೂ ಪಡುವುದಿಲ್ಲ.

ಹೆಕ್ಕುವ ಕ್ರಮದ ಬಗ್ಗೆ ಎರಡು ಮಾತು. ಏರುವಾಗ ಏನನ್ನೂ ಎತ್ತಬಾರದು. ಕಸ ಎಲ್ಲಿದೆ ಎಂದು ನೋಡಿಕೊಂಡು ಬರಿಗೈಯಲ್ಲಿ ತುದಿ ಮುಟ್ಟಿ, ಇಳಿಯುವಾಗ ತುಂಬಿಸಿಕೊಳ್ಳಬೇಕು. ಹಾಗೆ ಮಾಡಿದರೆ ಭಾರ ಇಳಿಜಾರಿನ ಕಡೆಗೇ ಬರುತ್ತದೆ. ಪ್ಲಾಸ್ಟಿಕ್ ಕಸದ ಚೀಲ ಪೊದೆಗೆ ಸಿಕ್ಕಿ ಹರಿಯುತ್ತದೆ, ತೋಟದಲ್ಲಿ ಉಳಿಯುವ ಗೊಬ್ಬರದ ಚೀಲವನ್ನು ತೊಳೆದು ಬಳಸಿದರೆ ಹರಿಯುವುದಿಲ್ಲ. ಗಾಜಿನ ಚೂರಿಗೆ ಪೇಂಟಿನ ಹಳೆಯ ಬಕೆಟ್ಟು ಬೇರೆ ಇರಲಿ. ಕಾಫಿ ಗಿಡಗಳಿಗೆ ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆಯುವಾಗ ಹಾಕಿಕೊಳ್ಳುವ ದಪ್ಪ ರಬ್ಬರ್ ಕೈಗವಸೇ ಇದಕ್ಕೂ ಸರಿ. ಬಂಡೆಯ ಕೆಳಗೆ ಕೈ ಹಾಕುವುದು ಬೇಡವೇ ಬೇಡ, ಅಲ್ಲಿ ಮಂಡಲದ ಹಾವು ಮಲಗಿರಬಹುದು. ಬಿದಿರು ಸೀಳಿ ಮಾಡಿದ ಉದ್ದನೆಯ ಇಕ್ಕಳದಿಂದ ಎಳೆದುಕೊಳ್ಳಬೇಕು.

ಕಾಲ ನೋಡಿ ಹೋಗುವುದು ಇದಕ್ಕಿಂತ ಮುಖ್ಯ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹುಲ್ಲು ಎದೆಯೆತ್ತರ ಬೆಳೆದು ಕಸವನ್ನು ಮುಚ್ಚಿಬಿಡುತ್ತದೆ, ಆಗ ಎಷ್ಟು ಹುಡುಕಿದರೂ ಅರ್ಧ ಉಳಿಯುತ್ತದೆ. ನವೆಂಬರ್-ಡಿಸೆಂಬರಿನ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದು ಹುಲ್ಲು ಒಣಗಿದ ಮೇಲೆ ಎಲ್ಲವೂ ಬಯಲಾಗುತ್ತದೆ. ಫೆಬ್ರುವರಿಯ ನಂತರ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು, ಅವರ ಅನುಮತಿ ಪಡೆದೇ ಹೋಗಬೇಕು. ಒಣಹುಲ್ಲಿನ ಆ ದಿನಗಳಲ್ಲಿ ಹೆಕ್ಕಿದ ಕಸವನ್ನು ಅಲ್ಲೇ ಸುಟ್ಟುಬಿಡೋಣ ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಬೆಂಕಿಪೊಟ್ಟಣವನ್ನು ಯಾರ ಜೇಬಿನಲ್ಲೂ ಇರಲು ನಾನು ಬಿಡುವುದಿಲ್ಲ.

ವರ್ಷದಲ್ಲಿ ಒಂದೇ ಸಲ ಹೋಗಲು ಸಾಧ್ಯವಿರುವವರು ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು ಹೋಗಲಿ. ಜೂನಿನಲ್ಲಿ ಇಲ್ಲಿ ಬೀಳುವ ಮಳೆ ಹೊರಗಿನವರ ಊಹೆಗೆ ನಿಲುಕದು. ಬೆಟ್ಟದ ಮೈಯೆಲ್ಲ ತೊಳೆದು, ಬಾಟಲಿ, ಕವರು, ಚೂರುಪಾರು ಎಲ್ಲವನ್ನೂ ಹಳ್ಳಕ್ಕೆ ಇಳಿಸುತ್ತದೆ. ಹಳ್ಳದಿಂದ ಕಕ್ಕಬ್ಬೆ ಹೊಳೆಗೆ, ಅಲ್ಲಿಂದ ಕಾವೇರಿಗೆ. ತೀರ್ಥೋದ್ಭವದ ದಿನ ಬಿಂದಿಗೆ ಹಿಡಿದು ತಲಕಾವೇರಿಗೆ ಹೋಗುವ ನಾವು, ಅದೇ ನದಿಗೆ ಸೇರುವ ನೀರಿನಲ್ಲಿ ಚಿಪ್ಸ್ ಪೊಟ್ಟಣ ತೇಲುವುದನ್ನು ನೋಡಿ ಸುಮ್ಮನಿರಬೇಕೇ? ನನಗಂತೂ ಸಾಧ್ಯವಿಲ್ಲ.

ಇಳಿಸಿ ತಂದ ಮೇಲಿನ ಕೆಲಸವನ್ನು ಯಾರೂ ಫೋಟೋ ತೆಗೆಯುವುದಿಲ್ಲ, ಆದರೆ ಕಷ್ಟವಿರುವುದು ಅಲ್ಲೇ. ಒದ್ದೆ ಕಸವನ್ನು ಚೀಲದಲ್ಲಿ ಕಟ್ಟಿಟ್ಟರೆ ಮರುದಿನವೇ ನಾರುತ್ತದೆ, ಗುಜರಿಯವರು ಹತ್ತಿರ ಸೇರಿಸುವುದಿಲ್ಲ. ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಹರಡಿ ಒಣಗಿಸುತ್ತೇವೆ. ಬಾಟಲಿಯ ಮುಚ್ಚಳ ತೆಗೆದು ಬೇರೆ ಇಡಬೇಕು, ಏಕೆಂದರೆ ಬಾಟಲಿಯ ಪ್ಲಾಸ್ಟಿಕ್ಕೇ ಬೇರೆ, ಮುಚ್ಚಳದ್ದೇ ಬೇರೆ. ಬಾಟಲಿಗೆ, ಬಿಯರ್ ಡಬ್ಬಿಗೆ ಗುಜರಿಯಲ್ಲಿ ಬೆಲೆ ಇದೆ. ಚಿಪ್ಸ್ ಪೊಟ್ಟಣಕ್ಕೆ ಇಲ್ಲ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಮ್ ಪದರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಆ ಹಾಳೆಯನ್ನು ಬಿಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುವುದೇ ಅದಕ್ಕೆ ಈಗ ಇರುವ ಮುಖ್ಯ ದಾರಿ, ಅದೂ ಯಾರಾದರೂ ಒಟ್ಟು ಮಾಡಿ ಲಾರಿಗೆ ತುಂಬಿಸಿದರೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಗಳು ಹಳ್ಳಿಗಳಿಗೂ ಅನ್ವಯಿಸುತ್ತವೆ, ಗ್ರಾಮ ಪಂಚಾಯಿತಿಗೂ ಹೊಣೆ ಹೊರಿಸಿವೆ. ಇದನ್ನು ಇಟ್ಟುಕೊಂಡೇ ನಾವು ಪಂಚಾಯಿತಿಯ ಹತ್ತಿರ ಹೋದೆವು. ಒಣಗಿಸಿ ಬೇರ್ಪಡಿಸಿದ ಕಸವಾದರೆ ವಾಹನ ಕಳುಹಿಸುವುದು ಅವರಿಗೂ ಸುಲಭ. ರಾಶಿ ಹಾಕಿ ಕರೆದರೆ ಯಾವ ವಾಹನವೂ ಬರುವುದಿಲ್ಲ.

ಹೀಗೆ ಕಣದಲ್ಲಿ ಕುಳಿತು ಕಸ ಬೇರ್ಪಡಿಸುವಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದದ್ದು ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಸ್ಟ್ರಾ ಮುಂತಾದವು. ನಮ್ಮ ರಾಶಿಯಲ್ಲಿ ಅವೂ ಇದ್ದವು, ಆದರೆ ಸ್ವಲ್ಪ. ಉಳಿದದ್ದೆಲ್ಲ, ಅಂದರೆ ನೀರಿನ ಬಾಟಲಿ, ಚಿಪ್ಸ್, ಬಿಸ್ಕತ್ತು, ಚಾಕೊಲೇಟಿನ ಹೊದಿಕೆ, ಆ ನಿಷೇಧದ ಪಟ್ಟಿಯಲ್ಲಿ ಇಲ್ಲ. ಎಲ್ಲರೂ ಅಂಗಡಿಯಲ್ಲಿ ಕೊಂಡು ಬೆಟ್ಟಕ್ಕೆ ಒಯ್ಯುವ ವಸ್ತುಗಳು. ಅವನ್ನು ತಡೆಯಲು ಜಾಗವಿರುವುದು ಬೆಟ್ಟದ ಬುಡದಲ್ಲಿ ಮಾತ್ರ: ಅತಿಥಿ ಚೀಲ ಕಟ್ಟುವ ಕೋಣೆಯಲ್ಲಿ, ಬುತ್ತಿ ತಯಾರಾಗುವ ಅಡುಗೆಮನೆಯಲ್ಲಿ, ನೀರು ಮಾರುವ ಅಂಗಡಿಯಲ್ಲಿ.

ಅಡುಗೆಮನೆಯ ಭಾಗ ಸುಲಭವಾಯಿತು. ಬೆಳಿಗ್ಗೆ ಬೇಗ ಹೊರಡುವವರಿಗೆ ಈಗ ಸ್ಟೀಲ್ ಡಬ್ಬಿಯಲ್ಲೇ ತಿಂಡಿ. ಡಬ್ಬಿ ಸಾಲದ ದಿನ ಬೆಂಕಿಗೆ ಹಿಡಿದು ಬಾಡಿಸಿದ ಬಾಳೆ ಎಲೆಯಲ್ಲಿ ಕಟ್ಟಿ, ಬಾಳೆ ನಾರಿನಲ್ಲಿ ಬಿಗಿಯುತ್ತೇವೆ. ತಿಂಡಿಯನ್ನೂ ಅದಕ್ಕೆ ತಕ್ಕಂತೆ ಆರಿಸಿಕೊಂಡೆವು. ಅಕ್ಕಿ ರೊಟ್ಟಿ ಮತ್ತು ಎಳ್ಳಿನ ಪಜ್ಜಿ (ಚಟ್ನಿ) ಸೋರುವುದಿಲ್ಲ, ಹಳಸುವುದಿಲ್ಲ, ಕೈಯಲ್ಲೇ ತಿನ್ನಬಹುದು. ಅಕ್ಕಿ ತರಿಯ ಉಂಡೆ ಕಡಂಬಿಟ್ಟು ಕೂಡ ಹಾಗೆಯೇ. ಕಿತ್ತಳೆಯನ್ನು ಸಿಪ್ಪೆ ಸುಲಿದೇ ಡಬ್ಬಿಗೆ ಹಾಕುತ್ತೇವೆ, ಏಕೆಂದರೆ ಸಿಪ್ಪೆ ಹೇಗಿದ್ದರೂ ಕೊಳೆಯುತ್ತದೆ ಎಂದು ಎಸೆಯುವವರು ಬಹಳ ಜನ. ನಾವು ತುದಿಯಲ್ಲಿ ನೋಡುವ ಸಿಪ್ಪೆ ಒಣಗಿ ಗಟ್ಟಿಯಾಗಿ ಅಲ್ಲೇ ಬಿದ್ದಿರುತ್ತದೆ, ಅದರ ವಾಸನೆಗೆ ಮಂಗಗಳು ಜನರ ಚೀಲಕ್ಕೇ ಕೈ ಹಾಕಲು ಕಲಿಯುತ್ತವೆ.

ಅತಿಥಿಗಳು ತಾವೇ ತಂದ ಬಿಸ್ಕತ್ತು, ಕುರುಕಲು ತಿಂಡಿಗೆ ಊಟದ ಮೇಜಿನ ಮೇಲೆ ಖಾಲಿ ಡಬ್ಬಿಗಳನ್ನು ಜೋಡಿಸಿಟ್ಟಿದ್ದೇನೆ. ತಿಂಡಿ ಡಬ್ಬಿಗೆ, ಪೊಟ್ಟಣ ನಮ್ಮ ಬುಟ್ಟಿಗೆ. ಮೊದಮೊದಲು ಕೆಲವರು ಮುಖ ಗಂಟಿಕ್ಕಿದರು. ಒಬ್ಬ ಹುಡುಗ, "ಆಂಟಿ, ನಾವು ಪೊಟ್ಟಣ ವಾಪಸು ತರುತ್ತೇವೆ, ನಂಬಿ," ಎಂದ. "ನಂಬುತ್ತೇನೆ ಮಗನೇ, ಆದರೆ ಗಾಳಿಯನ್ನು ನಂಬುವುದಿಲ್ಲ. ತುದಿಯಲ್ಲಿ ಕೈಯಿಂದ ಹಾರಿದರೆ ನೀನು ಕಣಿವೆಗೆ ಇಳಿದು ತರುತ್ತೀಯಾ?" ಎಂದು ಕೇಳಿದೆ. ಅವನೇ ಗೆಳೆಯರ ಪೊಟ್ಟಣಗಳನ್ನೆಲ್ಲ ಸುರಿಸಿದ. ಎಸೆಯಬೇಕೆಂದೇ ಎಸೆಯುವವರು ಕಡಿಮೆ, ಜಾರಿ ಬೀಳುವುದು, ಹಾರಿ ಹೋಗುವುದು, ಮರೆತು ಬರುವುದೇ ಹೆಚ್ಚು. ಪೊಟ್ಟಣವೇ ಮೇಲೆ ಹೋಗದಿದ್ದರೆ ಈ ಮೂರೂ ಇಲ್ಲ.

ನೀರಿನ ವಿಷಯ ಬೇರೆ. ಜನ ಬಾಟಲಿ ಕೊಳ್ಳುವುದು ಬರೀ ಅಭ್ಯಾಸದಿಂದಲ್ಲ, ಊರಿನ ನೀರಿನ ಮೇಲಿನ ಭಯದಿಂದ. ಅದಕ್ಕೆ ನೀರು ಕುದಿಸುವ ಹಂಡೆಯನ್ನು ಅವರಿಗೆ ಕಾಣುವ ಕಡೆ ಇಟ್ಟೆ. ಜೀರಿಗೆ ಹಾಕಿ ಕುದಿಸಿ ಆರಿಸಿದ ನೀರು, ಬೇಕಾದಷ್ಟು. ಬಾಟಲಿ ತರದವರಿಗೆ ಸ್ಟೀಲ್ ಬಾಟಲಿ ಕೊಟ್ಟು ಠೇವಣಿ ಇಟ್ಟುಕೊಳ್ಳುತ್ತೇನೆ, ಹಿಂತಿರುಗಿಸಿದಾಗ ಪೂರ್ತಿ ಹಣ ವಾಪಸು. ದಾರಿಯ ಅಂಗಡಿಯವರನ್ನು ಒಪ್ಪಿಸುವುದು ಇಷ್ಟು ಸಲೀಸಾಗಿರಲಿಲ್ಲ. "ಅಕ್ಕ, ನೀರು ಮಾರದಿದ್ದರೆ ಸೀಸನ್ನಿನಲ್ಲಿ ನನಗೆ ಉಳಿಯುವುದೇನು?" ಎಂದು ಕೇಳಿದರು. ಅವರ ಹೊಟ್ಟೆಪಾಡನ್ನು ತಳ್ಳಿಹಾಕಿ ಮಾತಾಡುವ ಹಕ್ಕು ನನಗಿಲ್ಲ. ಕುದಿಸಿದ ನೀರನ್ನು ಅಳತೆಗೆ ತುಂಬಿಸಿ ಮಾರುವುದು, ಮಜ್ಜಿಗೆ, ನಿಂಬೆ ಶರಬತ್ತು ಮಾರುವುದು, ಬಾಟಲಿ ಕೇಳಿದವರಿಗೆ ಠೇವಣಿ ಸೇರಿಸಿ ಕೊಡುವುದು ಎಂದು ಮಾತಾಯಿತು. ಖಾಲಿ ಬಾಟಲಿ ತಂದರೆ ಠೇವಣಿ ವಾಪಸು, ತರದಿದ್ದರೆ ಆ ಹಣ ಹೆಕ್ಕುವವರ ಕೂಲಿಗೆ. ಇದು ನಾವು ಕಂಡುಹಿಡಿದದ್ದೇನಲ್ಲ. ನೀಲಗಿರಿ ಜಿಲ್ಲೆಯಲ್ಲಿ ಮದ್ರಾಸ್ ಹೈಕೋರ್ಟಿನ ನಿರ್ದೇಶನದಂತೆ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ಹಿಂತಿರುಗಿಸುತ್ತಿದ್ದಾರೆ. ಕೊಡಗಿನಲ್ಲೂ ಅದು ಬರಬೇಕು. ಒಡೆದ ಬಾಟಲಿಯ ಗಾಜು ಕಾಟಿಯ, ಕಡವೆಯ ಗೊರಸಿಗೆ ಹೊಕ್ಕರೆ ತೆಗೆಯುವವರು ಯಾರು?

ಬೆಟ್ಟದ ಮೇಲೆ ಕಸದ ತೊಟ್ಟಿ ಇಡಿ ಎಂದು ಸಲಹೆ ಕೊಡುವವರಿಗೆ ನನ್ನ ಉತ್ತರ ಒಂದೇ, ಬೇಡ. ಅಲ್ಲಿಗೆ ದಿನವೂ ಹೋಗಿ ಖಾಲಿ ಮಾಡುವವರು ಯಾರೂ ಇಲ್ಲ. ತೊಟ್ಟಿ ಕಂಡರೆ ಕಸ ಬಿಟ್ಟುಹೋಗಲು ಅನುಮತಿ ಸಿಕ್ಕಿದಂತೆ ಜನರಿಗೆ ಅನಿಸುತ್ತದೆ. ರಾತ್ರಿ ಹಂದಿ ಬಂದು ಉರುಳಿಸುತ್ತದೆ, ಉಳಿದದ್ದನ್ನು ಗಾಳಿ ಹಂಚುತ್ತದೆ. ತೊಟ್ಟಿ ಇರಬೇಕಾದದ್ದು ಜೀಪು ನಿಲ್ಲುವ ಕಡೆ, ಮುಚ್ಚಳ ಸಹಿತ.

ವಾಹನ ತುದಿಯವರೆಗೂ ಹೋಗುವ ಬೆಟ್ಟಗಳ ಸ್ಥಿತಿ ಇನ್ನೂ ಕಠಿಣ. ಮಾಂದಲಪಟ್ಟಿಗೆ ನಾವು ಕೈಜೋಡಿಸಲು ಹೋದಾಗ ಅಲ್ಲಿನ ಕಸದ ಜಾತಿಯೇ ಬೇರೆ ಇತ್ತು. ಹುಟ್ಟುಹಬ್ಬದ ಕೇಕಿನ ಡಬ್ಬಿ, ಮೇಣದ ಬತ್ತಿ, ಸಿಡಿಸಿದ ಪಾರ್ಟಿ ಪಾಪರಿನ ಮಿನುಗು ಚೂರುಗಳು. ಹುಲ್ಲಿನ ಬುಡಕ್ಕೆ ಇಳಿದ ಆ ಚೂರುಗಳನ್ನು ಹೆಕ್ಕಲು ಮನುಷ್ಯರ ಕೈಯಿಂದ ಆಗುವುದಿಲ್ಲ. ಹೊತ್ತು ನಡೆಯಬೇಕಾದ ಕಡೆ ಜನ ಅಳೆದು ತೂಗಿ ಕಟ್ಟಿಕೊಳ್ಳುತ್ತಾರೆ, ಜೀಪು ಹೊರುವ ಕಡೆ ಯಾರೂ ತೂಗುವುದಿಲ್ಲ. ಅಲ್ಲಿ ಪರಿಹಾರ ಇರುವುದು ಜೀಪು ಚಾಲಕರ ಕೈಯಲ್ಲಿ. ನಮ್ಮ ಕಡೆಯ ಹುಡುಗರು ಸೀಟಿನ ಹಿಂದೆ ಚೀಲವೊಂದನ್ನು ಕಟ್ಟಿ, ಹೊರಡುವ ಮೊದಲೇ ಪ್ರಯಾಣಿಕರಿಗೆ ತೋರಿಸುತ್ತಾರೆ. ಚಾಲಕ ನಗುನಗುತ್ತಾ ಹೇಳಿದ ಮಾತನ್ನು ಜನ ಫಲಕದ ಬರಹಕ್ಕಿಂತ ಹೆಚ್ಚು ಕೇಳುತ್ತಾರೆ.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳು ಎಲ್ಲೆಡೆ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಯ ಕಡೆಗೆ ಹೊರಳಿತು. ಜನರ ಸಂಖ್ಯೆಗೆ ಮಿತಿ ಬಂದಂತೆ ಅವರ ಚೀಲದೊಳಗಿನ ಪೊಟ್ಟಣಗಳಿಗೂ ಲೆಕ್ಕ ಬರಬೇಕು ಎಂಬುದು ನನ್ನ ಬೇಡಿಕೆ. ಪ್ರವೇಶದಲ್ಲಿ ಎಣಿಸಿ ಬರೆದುಕೊಳ್ಳುವುದು, ಇಳಿದಾಗ ಮತ್ತೆ ಎಣಿಸುವುದು, ಕಡಿಮೆಯಾದರೆ ಠೇವಣಿ ಕಡಿತ. ಎಣಿಸಲು ಜನ ಸಾಲದಿದ್ದರೆ ರಜೆಯ ದಿನಗಳಲ್ಲಿ ನಮ್ಮ ಸ್ವಸಹಾಯ ಸಂಘದ ಹೆಂಗಸರು ದಿನಗೂಲಿಗೆ ಬರಲು ತಯಾರಿದ್ದಾರೆ.

ನಮ್ಮ ಕೈಗೆ ಇನ್ನೂ ಸಿಗದವರು ಒಂದೇ ದಿನಕ್ಕೆ ಬಂದುಹೋಗುವವರು. ರಾತ್ರಿ ಮೈಸೂರು, ಬೆಂಗಳೂರು ಬಿಟ್ಟು ಮುಂಜಾನೆ ನೇರ ಬೆಟ್ಟದ ಬುಡಕ್ಕೆ ಬರುತ್ತಾರೆ, ಬುತ್ತಿ ಹೆದ್ದಾರಿಯ ಹೋಟೆಲಿನದು, ನೀರು ಅಲ್ಲಿನದೇ. ಅವರು ನನ್ನ ಮೇಜಿನ ಡಬ್ಬಿಗಳನ್ನು ನೋಡುವುದೇ ಇಲ್ಲ. ಅವರಿಗಾಗಿ ಈಗ ಜೀಪು ನಿಲ್ಲುವ ಜಾಗದಲ್ಲೇ ಬೆಳಿಗ್ಗೆ ಒಂದು ಮೇಜು ಹಾಕಿ, ಬಾಡಿಗೆಗೆ ಡಬ್ಬಿ, ಕುದಿಸಿದ ನೀರು ಮತ್ತು ಬಿಸಿ ಕಾಫಿ ಇಡಲು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಅನುಮತಿ ಸಿಕ್ಕಿದರೆ ಪುತ್ತರಿಯ ನಂತರದ ಮೊದಲ ವಾರಾಂತ್ಯದಿಂದಲೇ ಶುರು ಮಾಡುತ್ತೇವೆ. ಡಬ್ಬಿಗಳನ್ನು ಆಗಲೇ ಕೊಂಡು ತೊಳೆದಿಟ್ಟಾಗಿದೆ.